ಲಾರಿಯ ಡೀಸೆಲ್ ಇಂಜಿನ್ ಮರುಜೋಡಣೆಯ ಸಾಧನಗಳು ಮತ್ತು ಕೈಪಿಡಿಗಳು: ಅರಸೀಕೆರೆ, ಬೇಲೂರು, ಹಳೇಬೀಡು ಪರಿಸರವನ್ನು ಅನುಲಕ್ಷಿಸಿ

1. ಪ್ರಸ್ತಾವನೆ

ದಿನಬಳಕೆಯ ವಿದ್ಯೆಗಳನ್ನು ಬರಹಕ್ಕೆ ಇಳಿಸುವ ಪರಂಪರೆ ಕನ್ನಡದಲ್ಲಿ ಸಾವಿರ ವರ್ಷಗಳಷ್ಟು ಹಳೆಯದು. ಇಮ್ಮಡಿ ಚಾವುಂಡರಾಯನು 1025ರ ಸುಮಾರಿನಲ್ಲಿ ರಚಿಸಿದ ‘ಲೋಕೋಪಕಾರ’ವು ನೀರಿನ ಸೆಲೆಯನ್ನು ಗುರುತಿಸುವುದರಿಂದ ಹಿಡಿದು ಅಡುಗೆ, ವಾಸ್ತು, ವೈದ್ಯಗಳವರೆಗೆ ಜನಜೀವನಕ್ಕೆ ಬೇಕಾದ ತಿಳಿವಳಿಕೆಯನ್ನು ಒಂದೆಡೆ ತಂದಿತು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದನು. ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯವನ್ನು ಕುರಿತದ್ದು. ಆಧುನಿಕ ಕಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಪತ್ರಿಕೆಯು ಈ ಪರಂಪರೆಗೆ ಹೊಸ ತಿರುವನ್ನು ನೀಡಿತು. ಶಾಸ್ತ್ರಸಾಹಿತ್ಯವೆಂದು ನಾವು ಕರೆಯುವ ಈ ಬರಹಗಳೆಲ್ಲವೂ ಮೂಲತಃ ಕೆಲಸ ಮಾಡುವವನ ಕೈಗೆ ಒದಗಬೇಕಾದ ಕೈಪಿಡಿಗಳೇ ಆಗಿವೆ.

ಈ ಹಿನ್ನೆಲೆಯಲ್ಲಿ ನಮ್ಮ ಕಾಲದ ಒಂದು ವಿದ್ಯೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಸವೆದುಹೋದ ಲಾರಿ ಇಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ, ತೊಳೆದು, ಅಳೆದು, ಕೆಟ್ಟ ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸುವ ಕೆಲಸವೇ ಆ ವಿದ್ಯೆ. ಇದಕ್ಕೆ ಯಾವ ಸಾಧನಗಳು ಬೇಕು, ಯಾವ ಕೈಪಿಡಿಗಳು ಬೇಕು, ಇವೆರಡರ ನಡುವೆ ಭಾಷೆ ಎಲ್ಲಿ ನಿಲ್ಲುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಗ್ಯಾರೇಜಿಗೆ ಸಾಧನಗಳು ಬಂದಿವೆ. ಆದರೆ ಆ ಸಾಧನಗಳು ಅಳೆದ ಅಂಕಿಯನ್ನು ಯಾವ ಅಂಕಿಯೊಡನೆ ಹೋಲಿಸಬೇಕೆಂದು ಹೇಳುವ ಪುಸ್ತಕ ಮೆಕ್ಯಾನಿಕ್‌ನ ಭಾಷೆಗೆ ಇನ್ನೂ ಸರಿಯಾಗಿ ಬಂದಿಲ್ಲ. ಈ ಕೊರತೆಯ ಬೆಲೆಯನ್ನು ಇಂಜಿನ್ ತೆರುತ್ತದೆ. ಇಂಜಿನ್ನಿನ ಮೂಲಕ ಅದನ್ನು ನಂಬಿದ ಕುಟುಂಬ ತೆರುತ್ತದೆ.

2. ಪ್ರದೇಶದ ಸ್ವರೂಪ

ಅರಸೀಕೆರೆ ರೈಲ್ವೆ ಜಂಕ್ಷನ್ ಎಂದು ಪ್ರಸಿದ್ಧವಾದ ಊರು. ತೆಂಗು ಮತ್ತು ಕೊಬ್ಬರಿಯ ವಹಿವಾಟು ಇಲ್ಲಿನ ಬದುಕಿನ ಆಧಾರ. ತುಮಕೂರಿನಿಂದ ತಿಪಟೂರು, ಕಡೂರು, ಶಿವಮೊಗ್ಗಗಳ ಮೂಲಕ ಹೊನ್ನಾವರಕ್ಕೆ ಹೋಗುತ್ತಿದ್ದ ಹಿಂದಿನ ರಾಷ್ಟ್ರೀಯ ಹೆದ್ದಾರಿ 206 ಈ ಊರನ್ನು ಹಾದುಹೋಗುತ್ತಿತ್ತು. ಮಂಗಳೂರಿನಿಂದ ಚಾರ್ಮಾಡಿ ಘಾಟಿಯನ್ನೇರಿ ಬರುವ ಹಿಂದಿನ ಹೆದ್ದಾರಿ 234 ಬೇಲೂರು, ಹಳೇಬೀಡು, ಜಾವಗಲ್ಲುಗಳ ಮೂಲಕ ಬಾಣಾವರವನ್ನು ತಲುಪುತ್ತಿತ್ತು. ಹೆದ್ದಾರಿಗಳ ಸಂಖ್ಯೆಗಳು ಈಗ ಬದಲಾಗಿದ್ದರೂ ದಾರಿಗಳು ಅವೇ. ಕರಾವಳಿಯಿಂದ ಬಯಲುಸೀಮೆಗೆ ಏರುವ ಲಾರಿ ಘಾಟಿಯ ಏರಿನಲ್ಲಿ ಇಂಜಿನ್ನಿನ ಪೂರ್ಣ ಶಕ್ತಿಯನ್ನು ಬೇಡುತ್ತದೆ. ಮಲೆನಾಡಿನ ಕಾಫಿ, ಬಯಲಿನ ಕೊಬ್ಬರಿ, ರಾಗಿ, ಆಲೂಗಡ್ಡೆ ಇವೆಲ್ಲ ಸಾಗುವುದು ಲಾರಿಯಲ್ಲೇ. ಹೀಗಾಗಿ ಈ ದಾರಿಗಳ ಬದಿಯಲ್ಲಿ ಗ್ಯಾರೇಜು, ಲೇತ್ ಅಂಗಡಿ, ಬಿಡಿಭಾಗಗಳ ಅಂಗಡಿಗಳು ಬೆಳೆದಿರುವುದು ಸಹಜವಾಗಿದೆ.

ಇದೇ ಪ್ರದೇಶ ಇನ್ನೊಂದು ಕುಶಲಕರ್ಮಕ್ಕೂ ಹೆಸರಾದುದು. 1117ರ ಬೇಲೂರಿನ ಚೆನ್ನಕೇಶವ ದೇವಾಲಯ, ಹಳೇಬೀಡಿನ ಹೊಯ್ಸಳೇಶ್ವರ, 1220ರ ಅರಸೀಕೆರೆಯ ಈಶ್ವರ ದೇವಾಲಯಗಳನ್ನು ಕಟ್ಟಿದವರು ಬಳಪದ ಕಲ್ಲನ್ನು ಕೂದಲೆಳೆಯ ನಿಖರತೆಯಿಂದ ಕಡೆದರು. ಹೊಯ್ಸಳ ದೇವಾಲಯಗಳ ದುಂಡುಕಂಬಗಳ ಬಳೆಗಳನ್ನು ತಿರುಗಣೆಯಲ್ಲಿ ಕಡೆದು ತೆಗೆದಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕನ್ನಡದಲ್ಲಿ ಕೆತ್ತಿಕೊಂಡಿದ್ದಾರೆ. ಶಿಲ್ಪಶಾಸ್ತ್ರದ ಗ್ರಂಥಗಳು ಬಹುಮಟ್ಟಿಗೆ ಸಂಸ್ಕೃತದಲ್ಲಿದ್ದ ಕಾಲದಲ್ಲಿ ವಿದ್ಯೆ ತಂದೆಯಿಂದ ಮಗನಿಗೆ ಸಾಗಿದ್ದಕ್ಕೆ ಈ ಎರಡು ಹೆಸರುಗಳು ಸಾಕ್ಷಿ. ಶಾಸ್ತ್ರ ಒಂದು ಭಾಷೆಯಲ್ಲಿ, ಕೆಲಸ ಇನ್ನೊಂದು ಭಾಷೆಯಲ್ಲಿ ಎಂಬ ಸ್ಥಿತಿ ಇಲ್ಲಿಗೆ ಹೊಸದಲ್ಲ. ಅಂದಿನ ಸಂಸ್ಕೃತದ ಸ್ಥಾನದಲ್ಲಿ ಇಂದು ಇಂಗ್ಲಿಷ್ ಇದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಲ್ಲಿನ ಗುಣ ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದಿಲ್ಲ. ಇಂಜಿನ್ನಿನ ಮಾದರಿ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ.

3. ಇಂಜಿನ್ನಿನ ವಂಶ ಮತ್ತು ಹೆಸರು

ಈ ಭಾಗದ ರಸ್ತೆಗಳಲ್ಲಿ ಬಹುಕಾಲ ಓಡಿದ ಲಾರಿಗಳನ್ನು ಎರಡು ವಂಶಗಳಾಗಿ ಗುರುತಿಸಬಹುದು. ಟಾಟಾ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್–ಬೆಂಜ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದ 1969ರವರೆಗೆ ನಡೆಯಿತು. ಅದರ ಫಲವಾಗಿ ಬಂದ ಇಂಜಿನ್ನುಗಳು ಮಿಲಿಮೀಟರ್ ಅಳತೆಯವು. 1948ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಅಶೋಕ್ ಮೋಟಾರ್ಸ್ ಬ್ರಿಟನ್ನಿನ ಲೇಲ್ಯಾಂಡ್ ಸಂಸ್ಥೆಯ ಸಹಯೋಗ ಪಡೆದು 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಆ ವಂಶದ ಹಳೆಯ ಇಂಜಿನ್ನುಗಳೊಡನೆ ಇಂಚಿನ ಅಳತೆ ಬಂದಿತು. ಈ ಎರಡು ವಂಶಗಳು ಒಂದೇ ಗ್ಯಾರೇಜಿನ ನೆಲದ ಮೇಲೆ ಅಕ್ಕಪಕ್ಕದಲ್ಲಿ ಬಿಚ್ಚಿಕೊಂಡದ್ದರ ಪರಿಣಾಮವನ್ನು ಮುಂದೆ ಚರ್ಚಿಸಲಾಗುವುದು.

ಇಂಜಿನ್ನಿನ ಹೆಸರನ್ನೇ ಒಂದು ಪುಟ್ಟ ಪಠ್ಯವೆಂದು ಓದಬಹುದು. ಟಾಟಾ ‘692’ ಎಂಬುದರಲ್ಲಿ 6 ಎಂಬುದು ಸಿಲಿಂಡರುಗಳ ಸಂಖ್ಯೆ. 92 ಎಂಬುದು ಪ್ರತಿ ಸಿಲಿಂಡರಿನ ಬೋರ್, ಅಂದರೆ ಒಳವ್ಯಾಸ, ಮಿಲಿಮೀಟರಿನಲ್ಲಿ. ‘697’ ಎಂದರೆ ಆರು ಸಿಲಿಂಡರು, 97 ಮಿ.ಮೀ. ಬೋರ್. ‘497’ ಎಂದರೆ ಅದೇ ಬೋರಿನ ನಾಲ್ಕು ಸಿಲಿಂಡರು. 697ರ ಪಿಸ್ಟನ್ ಮೇಲಿಂದ ಕೆಳಕ್ಕೆ 128 ಮಿ.ಮೀ. ಚಲಿಸುತ್ತದೆ. 97 ಮಿ.ಮೀ. ವ್ಯಾಸದ ವೃತ್ತದ ವಿಸ್ತೀರ್ಣವನ್ನು 128ರಿಂದಲೂ ಆರರಿಂದಲೂ ಗುಣಿಸಿದರೆ ಸುಮಾರು 5675 ಘನ ಸೆಂಟಿಮೀಟರ್ ಬರುತ್ತದೆ. ಇಂಜಿನ್ನಿನ ತಗಡಿನಲ್ಲಿ ಸಿ.ಸಿ. ಎಂದು ಕಾಣುವ ಅಂಕಿ ಇದೇ. ಹೆಸರನ್ನು ಹೀಗೆ ಓದಬಲ್ಲವನಿಗೆ ಬೋರ್ ಗೇಜನ್ನು ಎಲ್ಲಿ ಹೊಂದಿಸಿಕೊಳ್ಳಬೇಕೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ಹೊಸ ಲೈನರಿನ ಬೋರ್ 97. ಅದಕ್ಕಿಂತ ಎಷ್ಟು ಹೆಚ್ಚು ಬಂದಿದೆಯೋ ಅಷ್ಟು ಸವೆತ.

4. ಸಾಧನಗಳ ಮೂರು ವರ್ಗ

ಮರುಜೋಡಣೆಗೆ ಬೇಕಾದ ಸಾಧನಗಳನ್ನು ಬಿಚ್ಚುವವು, ಅಳೆಯುವವು, ಜೋಡಿಸುವವು ಎಂದು ಅಧ್ಯಯನದ ಅನುಕೂಲಕ್ಕಾಗಿ ವಿಂಗಡಿಸಿಕೊಳ್ಳಬಹುದು.

ಬಿಚ್ಚುವ ಸಾಧನಗಳಲ್ಲಿ ಸ್ಪ್ಯಾನರುಗಳು ಮೊದಲನೆಯವು. ಉತ್ತರ ಕರ್ನಾಟಕದ ಕಡೆ ‘ಪಾನಾ’ ಎನ್ನುವುದನ್ನು ಇಲ್ಲಿ ‘ಸ್ಪ್ಯಾನರ್’ ಎಂದೇ ಕರೆಯುತ್ತಾರೆ. ಬಾಯಿ ತೆರೆದ ಸ್ಪ್ಯಾನರ್, ರಿಂಗ್ ಸ್ಪ್ಯಾನರ್, ಬಾಕ್ಸ್ ಸ್ಪ್ಯಾನರ್ ಎಂದು ಇವುಗಳಲ್ಲಿ ಬಗೆಗಳಿವೆ. ಬಿಗಿಯಾಗಿ ಕಚ್ಚಿದ ನಟ್ಟಿಗೆ ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಜಾರುತ್ತದೆ. ಆರೂ ಮೂಲೆಗಳನ್ನು ಹಿಡಿಯುವ ರಿಂಗ್ ಸ್ಪ್ಯಾನರ್ ಅಥವಾ ಬಾಕ್ಸ್ ಬೇಕು. ಇವುಗಳ ಜೊತೆಗೆ ಇಂಜಿನ್ನನ್ನು ಚಾಸಿಸ್‌ನಿಂದ ಎತ್ತಲು ಚೈನ್ ಬ್ಲಾಕ್, ಗೇರು ಮತ್ತು ಲೈನರುಗಳನ್ನು ಎಳೆಯಲು ಪುಲ್ಲರ್, ಹಿತ್ತಾಳೆಯ ಸಲಾಕೆ, ಸುತ್ತಿಗೆ, ನಂಬರ್ ಪಂಚ್ ಬೇಕಾಗುತ್ತವೆ. ಇವುಗಳಲ್ಲಿ ಬಹಳ ಅಗ್ಗವಾದದ್ದೂ ಬಹಳ ಮುಖ್ಯವಾದದ್ದೂ ನಂಬರ್ ಪಂಚ್. ಕ್ರ್ಯಾಂಕನ್ನು ಹಿಡಿದಿರುವ ಮೇನ್ ಕ್ಯಾಪುಗಳು ಮತ್ತು ಕನೆಕ್ಟಿಂಗ್ ರಾಡಿನ ಕ್ಯಾಪುಗಳು ಒಂದರ ಜಾಗಕ್ಕೆ ಇನ್ನೊಂದು ಹೋಗಕೂಡದು, ದಿಕ್ಕೂ ಬದಲಾಗಕೂಡದು; ಪ್ರತಿಯೊಂದನ್ನೂ ಅದರ ಜೊತೆಯ ಭಾಗದೊಡನೆ ಸೇರಿಸಿಯೇ ಕೊರೆದು ದುಂಡು ಮಾಡಿರುತ್ತಾರೆ. ಆದ್ದರಿಂದ ಬಿಚ್ಚುವ ಮೊದಲೇ ಗುರುತಿಲ್ಲದ ಕ್ಯಾಪುಗಳಿಗೆ ಸಂಖ್ಯೆ ಹೊಡೆಯಬೇಕು. ಬಿಚ್ಚುವುದೆಂದರೆ ಮುಂದೆ ಜೋಡಿಸಬೇಕಾದುದರ ದಾಖಲೆಯನ್ನು ಸಿದ್ಧಪಡಿಸುವುದೂ ಆಗಿದೆ.

ಬಿಚ್ಚಿದ ಮೇಲೆ ತೊಳೆಯುವ ಹಂತ ಬರುತ್ತದೆ. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯುವುದು ರೂಢಿ. ಬ್ಲಾಕಿನ ನೀರುದಾರಿಗಳಲ್ಲಿ ಕಟ್ಟಿದ ಗಾರೆಯನ್ನು ತೆಗೆಯಲು ಬಿಸಿ ಕಾಸ್ಟಿಕ್ ಸೋಡ ದ್ರಾವಣವನ್ನು ಬಳಸುವುದುಂಟು. ಎರಕದ ಕಬ್ಬಿಣಕ್ಕೆ ಅದು ಸರಿ. ಅಲ್ಯೂಮಿನಿಯಮ್ ಭಾಗಗಳನ್ನು ಕಾಸ್ಟಿಕ್ ತಿನ್ನುತ್ತದೆ. ಆಯಿಲ್ ಸಾಗುವ ರಂಧ್ರಗಳ ಪ್ಲಗ್ಗುಗಳನ್ನು ಬಿಚ್ಚಿ, ಬ್ರಷ್ ಹಾಕಿ, ಗಾಳಿ ಊದಬೇಕು. ಹಳೆಯ ಇಂಜಿನ್ನಿನ ಲೋಹದ ಪುಡಿ ಒಂದು ರಂಧ್ರದಲ್ಲಿ ಉಳಿದರೂ ಹೊಸ ಬೇರಿಂಗು ಮೊದಲ ದಿನವೇ ಗೀರು ಬೀಳುತ್ತದೆ.

ಅಳೆಯುವ ಸಾಧನಗಳು ಎರಡನೆಯ ವರ್ಗ. ಕ್ರ್ಯಾಂಕಿನ ಜರ್ನಲ್ಲುಗಳ ಹೊರವ್ಯಾಸಕ್ಕೆ ಮೈಕ್ರೋಮೀಟರ್, ಸಿಲಿಂಡರಿನ ಒಳವ್ಯಾಸಕ್ಕೆ ಡಯಲ್ ಇರುವ ಬೋರ್ ಗೇಜ್, ಸಂದುಗಳಿಗೆ ಫೀಲರ್ ಗೇಜ್ (ಗ್ಯಾರೇಜಿನ ಮಾತಿನಲ್ಲಿ ‘ಫಿಲ್ಲರ್’), ಹೆಡ್ಡಿನ ಮಟ್ಟ ನೋಡಲು ಸ್ಟ್ರೈಟ್ ಎಡ್ಜ್ ಅಗತ್ಯ. ಸಿಲಿಂಡರನ್ನು ಒಂದೇ ಕಡೆ ಅಳೆದರೆ ಸಾಲದು. ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಕ್ರ್ಯಾಂಕಿನ ಉದ್ದಕ್ಕೆ ಮತ್ತು ಅಡ್ಡಕ್ಕೆ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಎತ್ತರಗಳ ನಡುವಿನ ವ್ಯತ್ಯಾಸದಿಂದ ಬೋರ್ ಎಷ್ಟು ಓರೆಯಾಗಿ ಸವೆದಿದೆ ಎಂಬುದೂ, ದಿಕ್ಕುಗಳ ನಡುವಿನ ವ್ಯತ್ಯಾಸದಿಂದ ಎಷ್ಟು ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂಬುದೂ ತಿಳಿಯುತ್ತದೆ. ಮೇಲಿನ ರಿಂಗು ತಿರುಗಿ ಇಳಿಯುವ ಜಾಗದಲ್ಲಿ ಸವೆತ ಹೆಚ್ಚು. ಅಲ್ಲಿ ಶಾಖ ಮತ್ತು ಒತ್ತಡ ಹೆಚ್ಚು, ಆಯಿಲ್ ಕಡಿಮೆ. ಒಂದು 97 ಮಿ.ಮೀ. ಬೋರ್ ಮೇಲ್ಗಡೆ 97.18, ಕೆಳಗಡೆ 97.04 ತೋರಿಸಿದರೆ ಓರೆ 0.14 ಮಿ.ಮೀ. ಈ ಓರೆಯೊಡನೆ ಹೊಸ ರಿಂಗು ಹಾಕಿ ಮುಚ್ಚಬಹುದೇ, ಲೈನರ್ ಬದಲಿಸಬೇಕೇ ಎಂಬುದನ್ನು ಬೋರ್ ಗೇಜ್ ಹೇಳಲಾರದು, ಕೈಪಿಡಿ ಹೇಳಬೇಕು.

ಮೂರನೆಯ ವರ್ಗ ಜೋಡಿಸುವ ಸಾಧನಗಳದು. ಪಿಸ್ಟನ್ನನ್ನು ಬೋರಿನೊಳಕ್ಕೆ ಇಳಿಸುವಾಗ ರಿಂಗುಗಳನ್ನು ಅದುಮಿ ಹಿಡಿಯುವ ರಿಂಗ್ ಕಂಪ್ರೆಸರ್, ವಾಲ್ವ್ ಸ್ಪ್ರಿಂಗನ್ನು ಒತ್ತುವ ಲಿಫ್ಟರ್, ವಾಲ್ವನ್ನು ಸೀಟಿಗೆ ಉಜ್ಜುವ ಪೇಸ್ಟ್, ಎಲ್ಲಕ್ಕಿಂತ ಮಿಗಿಲಾಗಿ ಟಾರ್ಕ್ ರೆಂಚ್ ಇಲ್ಲಿ ಬರುತ್ತವೆ. ಬೋಲ್ಟನ್ನು ಎಷ್ಟು ಬಲದಿಂದ ಬಿಗಿದಿದ್ದೇವೆ ಎಂಬುದನ್ನು ಅಂಕಿಯಲ್ಲಿ ತೋರಿಸುವ ಸಾಧನ ಟಾರ್ಕ್ ರೆಂಚ್ ಒಂದೇ. ಇದಿಲ್ಲದ ಕಡೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಕೈಯ ಅಂದಾಜಿನಲ್ಲಿ ಎಳೆಯುವುದು ವಾಡಿಕೆ.

ಕೆಲವು ಕೆಲಸಗಳು ಗ್ಯಾರೇಜಿನ ಹೊರಗೆ ನಡೆಯುತ್ತವೆ. ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಇವು ಯಂತ್ರಾಗಾರದ ಕೆಲಸಗಳು. ಡೀಸೆಲ್ ಪಂಪಿನ ಹೊಂದಾಣಿಕೆ ಟೆಸ್ಟ್ ಬೆಂಚಿನ ಮೇಲಷ್ಟೇ ಸಾಧ್ಯ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಮೈಕೋ ಪಂಪೇ. ಸರ್ಕಾರಿ ಸಾರಿಗೆ ಸಂಸ್ಥೆಯಂತಹ ದೊಡ್ಡ ಸಂಸ್ಥೆಗಳಿಗೆ ಹಾಸನದಲ್ಲಿರುವಂತಹ ಪ್ರಾದೇಶಿಕ ಕಾರ್ಯಾಗಾರಗಳ ಆಸರೆಯಿದೆ. ಒಂದೇ ಲಾರಿಯ ಮಾಲೀಕನಿಗೆ ರಸ್ತೆಬದಿಯ ಗ್ಯಾರೇಜೇ ಕಾರ್ಯಾಗಾರ.

5. ಅಳತೆಯ ಎರಡು ಭಾಷೆಗಳು

ಗ್ಯಾರೇಜಿನಲ್ಲಿ ಕೇಳಿಬರುವ ‘ಥೌ’ ಎಂಬ ಪದ ಇಂಚಿನ ಸಾವಿರದ ಒಂದು ಭಾಗವನ್ನು ಸೂಚಿಸುತ್ತದೆ, ಅದು 0.0254 ಮಿ.ಮೀ.ಗೆ ಸಮ. ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ 1956ರ ಕಾಯಿದೆಯೇ ಅಡಿಪಾಯ ಹಾಕಿತಾದರೂ ಬ್ರಿಟಿಷ್ ಮೂಲದ ಇಂಜಿನ್ನುಗಳೊಡನೆ ಬಂದ ಥೌ ಮಾತಿನಲ್ಲಿ ಉಳಿದುಕೊಂಡಿತು. ಕ್ರ್ಯಾಂಕ್ ‘ಹತ್ತು ಸೈಜಿಗೆ’ ಹೋಯಿತು, ‘ಇಪ್ಪತ್ತಕ್ಕೆ’ ಹೋಯಿತು ಎಂಬ ಮಾತುಗಳ ಅರ್ಥ ಇದೇ. ಜರ್ನಲ್ಲನ್ನು ಒಮ್ಮೆ ಉಜ್ಜಿ ಹತ್ತು ಥೌ ಸಣ್ಣದಾಗಿಸಿದರೆ 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗು ಹಾಕಬೇಕು, ಇಪ್ಪತ್ತಕ್ಕೆ 0.50, ಮೂವತ್ತಕ್ಕೆ 0.75, ನಲವತ್ತಕ್ಕೆ 1.00. ಇಲ್ಲಿ ಎರಡು ಭಾಷೆಗಳೂ ಒಂದಕ್ಕೊಂದು ಹೊಂದಿಕೊಂಡಿವೆ. ಬೇರಿಂಗಿನ ಪೆಟ್ಟಿಗೆಯ ಮೇಲೆ 0.25 ಎಂದಿದ್ದರೂ ಅಂಗಡಿಯಲ್ಲಿ ‘ಹತ್ತು ಕೊಡಿ’ ಎಂದರೆ ಸಾಕು.

ತೊಂದರೆ ಹುಟ್ಟುವುದು ಸಣ್ಣ ಅಂಕಿಗಳಲ್ಲಿ. ಜರ್ನಲ್ಲಿಗೂ ಬೇರಿಂಗಿಗೂ ನಡುವೆ ಆಯಿಲ್ ನಿಲ್ಲಲು ಬಿಡಬೇಕಾದ ಸಂದನ್ನು ಕ್ಲಿಯರೆನ್ಸ್ ಎನ್ನುತ್ತಾರೆ. ‘ಮೂರು ಬಿಡಿ’ ಎಂದು ಗ್ಯಾರೇಜಿನವರು ಹೇಳಿ ಕಳುಹಿಸಿದರೆ ಅದು ಮೂರು ಥೌ ಆಗಿದ್ದಲ್ಲಿ 0.076 ಮಿ.ಮೀ. ಮಿಲಿಮೀಟರ್ ಮೈಕ್ರೋಮೀಟರ್ ಹಿಡಿದ ಗ್ರೈಂಡರ್ ಅದನ್ನು ಮೂರು ಗೆರೆ ಎಂದು ತಿಳಿದರೆ 0.03 ಮಿ.ಮೀ. ಸಂದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆಯಿಲ್ ಪದರ ನಿಲ್ಲದೆ ಬೇರಿಂಗು ಬಿಸಿಯಾಗಿ ಕ್ರ್ಯಾಂಕನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆ ವಿರುದ್ಧವಾಗಿ ಕೈಪಿಡಿಯಲ್ಲಿ 0.07 ಮಿ.ಮೀ. ಎಂದಿರುವುದನ್ನು ‘ಏಳು’ ಎಂದು ಹೇಳಿ, ಕೇಳಿದವನು ಏಳು ಥೌ ಎಂದುಕೊಂಡರೆ ಅದು 0.178 ಮಿ.ಮೀ.; ಆಯಿಲ್ ಒತ್ತಡ ಬೀಳುತ್ತದೆ, ಇಂಜಿನ್ ಬಡಿಯತೊಡಗುತ್ತದೆ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಸರಿಯಾಗಿಯೇ ನಡೆದುಕೊಂಡಿರುತ್ತಾರೆ. ಅಂಕಿಯ ಹಿಂದೆ ಬರಬೇಕಾದ ಒಂದು ಪದ, ಥೌ ಅಥವಾ ಮಿಲಿಮೀಟರ್, ಮಾತಿನಲ್ಲಿ ಬಿಟ್ಟುಹೋಗಿರುತ್ತದೆ.

ಬಿಗಿತದ ಅಂಕಿಗಳದೂ ಇದೇ ಕಥೆ. ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ಪೌಂಡ್–ಅಡಿ, ಆಮೇಲಿನವುಗಳಲ್ಲಿ ಕಿಲೋಗ್ರಾಂ–ಮೀಟರ್, ಇತ್ತೀಚಿನವುಗಳಲ್ಲಿ ನ್ಯೂಟನ್–ಮೀಟರ್ ಬಳಕೆಯಾಗಿವೆ. ಉದಾಹರಣೆಗೆ 110 ನ್ಯೂಟನ್–ಮೀಟರ್ ಎಂಬುದು 11.2 ಕಿಲೋಗ್ರಾಂ–ಮೀಟರಿಗೆ, ಅಥವಾ 81 ಪೌಂಡ್–ಅಡಿಗೆ ಸಮ. ಅದೇ 110ನ್ನು ಪೌಂಡ್–ಅಡಿಯ ರೆಂಚಿನಲ್ಲಿ ಹಿಡಿದರೆ ಬೋಲ್ಟಿನ ಮೇಲೆ ಬೀಳುವುದು 149 ನ್ಯೂಟನ್–ಮೀಟರ್. ಬೋಲ್ಟು ಅಂದೇ ತುಂಡಾಗದಿರಬಹುದು. ಘಾಟಿಯ ಏರಿನಲ್ಲಿ ಒಂದು ದಿನ ತುಂಡಾಗುತ್ತದೆ.

6. ಕೈಪಿಡಿಗಳ ಬಗೆಗಳು

ಒಂದು ಇಂಜಿನ್ನಿಗೆ ಸಂಬಂಧಿಸಿದ ಬರಹಗಳನ್ನು ನಾಲ್ಕು ಬಗೆಯಾಗಿ ಗುರುತಿಸಬಹುದು. ಲಾರಿಯ ಜೊತೆಗೆ ಮಾಲೀಕನಿಗೆ ಬರುವ ಚಾಲಕರ ಕೈಪುಸ್ತಕ ಮೊದಲನೆಯದು. ಅದು ಆಯಿಲ್ ಬದಲಿಸುವ ಅವಧಿ, ಟೈರಿನ ಗಾಳಿ ಮುಂತಾದುವನ್ನು ಹೇಳುತ್ತದೆಯೇ ಹೊರತು ಇಂಜಿನ್ ಬಿಚ್ಚುವವನಿಗೆ ಹೆಚ್ಚು ನೆರವಾಗದು. ಎರಡನೆಯದು ವರ್ಕ್‌ಶಾಪ್ ಮ್ಯಾನ್ಯುಯಲ್. ಬಿಚ್ಚುವ ಕ್ರಮ, ಸವೆತದ ಮಿತಿ, ಸಂದುಗಳು, ಬಿಗಿತಗಳು, ಬಿಗಿಯುವ ಅನುಕ್ರಮ ಎಲ್ಲವೂ ಇರುವುದು ಇದರಲ್ಲಿ. ಮೂರನೆಯದು ಬಿಡಿಭಾಗಗಳ ಕ್ಯಾಟಲಾಗ್. ಇಂಜಿನ್ನನ್ನು ಬಿಡಿಸಿ ಹರಡಿದಂತೆ ಬರೆದ ಚಿತ್ರಗಳೂ ಪ್ರತಿ ಭಾಗದ ಸಂಖ್ಯೆಯೂ ಇದರಲ್ಲಿರುತ್ತವೆ. ನಾಲ್ಕನೆಯದು ತಯಾರಕರು ಆಗಾಗ ಹೊರಡಿಸುವ ಸರ್ವಿಸ್ ಸುತ್ತೋಲೆ. ಹಳೆಯ ಅಂಕಿ ತಿದ್ದುಪಡಿಯಾಗಿದ್ದರೆ ಅದು ತಿಳಿಯುವುದು ಇಲ್ಲಿ.

ಈ ನಾಲ್ಕರಲ್ಲಿ ಗ್ಯಾರೇಜಿಗೂ ಬಿಡಿಭಾಗದ ಅಂಗಡಿಗೂ ಸುಲಭವಾಗಿ ಒಗ್ಗಿದ್ದು ಮೂರನೆಯದು. ಚಿತ್ರ ಮತ್ತು ಸಂಖ್ಯೆಗಳಿಗೆ ಇಂಗ್ಲಿಷಿನ ಹಂಗು ಕಡಿಮೆ. ಅತ್ಯಗತ್ಯವಾದ ಎರಡನೆಯದು ವಾಕ್ಯಗಳಲ್ಲಿದೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿದೆ, ಹೆಚ್ಚಾಗಿ ಅಧಿಕೃತ ಸೇವಾಕೇಂದ್ರಗಳ ಕಪಾಟಿನಲ್ಲಿದೆ. ‘ಒಣಗಿದ ಎಳೆಗೆ’ ಹೇಳಿದ ಬಿಗಿತವೋ ‘ಆಯಿಲ್ ಸವರಿದ ಎಳೆಗೆ’ ಹೇಳಿದ ಬಿಗಿತವೋ ಎಂಬಂತಹ ವಿವರಗಳು ವಾಕ್ಯದಲ್ಲಿ ಅಡಗಿರುತ್ತವೆ. ಅಂಕಿಯನ್ನಷ್ಟೇ ಓದಿದವನಿಗೆ ಅವು ದೊರೆಯುವುದಿಲ್ಲ. ಆಯಿಲ್ ಸವರಿದ ಬೋಲ್ಟಿನಲ್ಲಿ ಘರ್ಷಣೆ ಕಡಿಮೆ. ಅದೇ ಟಾರ್ಕಿಗೆ ಅದು ಹೆಚ್ಚು ಎಳೆತಕ್ಕೆ ಒಳಗಾಗುತ್ತದೆ.

7. ಬಾಯಿಪಾಠದ ಕೈಪಿಡಿ

ಬರಹದ ಕೈಪಿಡಿ ಇಲ್ಲದ ಕಡೆ ವಿದ್ಯೆ ಇಲ್ಲವೆಂದು ಭಾವಿಸಬಾರದು. ಮೇಸ್ತ್ರಿಯಿಂದ ಹುಡುಗನಿಗೆ ದಾಟುವ ಬಾಯಿಪಾಠ ಒಂದು ಗಟ್ಟಿಯಾದ ಪಠ್ಯ. ಪ್ರಾಚೀನ ಶಾಸ್ತ್ರಕಾರರು ಪದ್ಯದಲ್ಲಿ ಬರೆದುದಕ್ಕೆ ನೆನಪಿಗೆ ಒದಗಲಿ ಎಂಬುದೂ ಒಂದು ಕಾರಣ; ಗ್ಯಾರೇಜಿನಲ್ಲೂ ಅಂತಹ ಸೂತ್ರಗಳಿವೆ.

ಸಾಲಿನಲ್ಲಿ ಆರು ಸಿಲಿಂಡರಿರುವ ಇಂಜಿನ್ನುಗಳಲ್ಲಿ ಬಹುಪಾಲಿನ ಫೈರಿಂಗ್ ಆರ್ಡರ್, ಅಂದರೆ ಡೀಸೆಲ್ ಉರಿಯುವ ಸರದಿ, ‘ಒಂದು ಐದು ಮೂರು ಆರು ಎರಡು ನಾಲ್ಕು’. ಇದನ್ನು ಮಗ್ಗಿಯಂತೆ ಕಲಿಸಲಾಗುತ್ತದೆ. ಈ ಸರದಿಯನ್ನು ಎರಡು ಮೂರರ ಗುಂಪುಗಳಾಗಿ ಒಡೆದು ಒಂದರ ಕೆಳಗೊಂದು ಬರೆದರೆ 1–6, 5–2, 3–4 ಎಂಬ ಜೋಡಿಗಳು ಸಿಗುತ್ತವೆ; ಪ್ರತಿ ಜೋಡಿಯ ಮೊತ್ತ ಏಳು. ಈ ಜೋಡಿಗಳ ಪಿಸ್ಟನ್ನುಗಳು ಒಟ್ಟಿಗೆ ಮೇಲೇರುತ್ತವೆ, ಒಟ್ಟಿಗೆ ಇಳಿಯುತ್ತವೆ. ಆರನೆಯ ಸಿಲಿಂಡರಿನಲ್ಲಿ ಒಂದು ವಾಲ್ವ್ ಮುಚ್ಚುತ್ತ ಇನ್ನೊಂದು ತೆರೆಯುತ್ತ ತೂಗಾಡುವಾಗ ಒಂದನೆಯ ಸಿಲಿಂಡರಿನ ಎರಡೂ ವಾಲ್ವುಗಳು ಪೂರ್ತಿ ಮುಚ್ಚಿರುತ್ತವೆ. ಆಗ ಒಂದರ ಟ್ಯಾಪೆಟ್ ಸಂದನ್ನು ಫಿಲ್ಲರಿನಿಂದ ಹೊಂದಿಸಬೇಕು. ಎರಡು ತೂಗಾಡುವಾಗ ಐದನ್ನು, ನಾಲ್ಕು ತೂಗಾಡುವಾಗ ಮೂರನ್ನು. ಏಳರಲ್ಲಿ ಕಳೆದರೆ ಉತ್ತರ ಸಿಗುತ್ತದೆ. ಇಡೀ ಪುಟದ ಸೂಚನೆ ಒಂದು ಕಳೆಯುವ ಲೆಕ್ಕಕ್ಕೆ ಇಳಿದಿರುವುದನ್ನು ಇಲ್ಲಿ ಕಾಣಬಹುದು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕೆಂಬುದೂ, ರಿಂಗುಗಳ ಬಾಯಿಗಳು ಒಂದರ ಕೆಳಗೊಂದು ಬರಬಾರದೆಂಬುದೂ ಇಂತಹ ಸೂತ್ರಗಳೇ.

ಬಾಯಿಪಾಠದ ಜೊತೆಗೆ ‘ಹದ’ ಎಂಬ ಕಲ್ಪನೆಯಿದೆ. ಕ್ರ್ಯಾಂಕ್ ಕೂರಿಸಿ ಕ್ಯಾಪು ಬಿಗಿದ ಮೇಲೆ ಅದು ಕೈಗೆ ತಿರುಗಬೇಕು. ಎಲ್ಲಾದರೂ ತಡೆದರೆ ಏನೋ ತಪ್ಪಿದೆ ಎಂದು ಅನುಭವದ ಕೈಗೆ ತಿಳಿಯುತ್ತದೆ. ಅಳತೆ ಮುಗಿದ ಮೇಲೂ ಈ ಪರೀಕ್ಷೆ ಬೇಕು. ಕ್ರಮ, ಸರದಿ, ದಿಕ್ಕುಗಳನ್ನು ಬಾಯಿಪಾಠ ಚೆನ್ನಾಗಿ ಕಾಪಾಡುತ್ತದೆ. ಒಂದು ಮಾದರಿಯಿಂದ ಇನ್ನೊಂದಕ್ಕೆ ಬದಲಾಗುವ ಅಂಕಿಗಳನ್ನು ಅದು ಕಾಪಾಡಲಾರದು. ಹದಕ್ಕೂ ಅಷ್ಟೇ ಮಿತಿ: ಮನುಷ್ಯನ ಕೈ 0.03 ಮತ್ತು 0.07 ಮಿ.ಮೀ.ಗಳ ವ್ಯತ್ಯಾಸವನ್ನು ನಂಬುವ ಮಟ್ಟಿಗೆ ಹೇಳಲಾರದು.

8. ಗ್ಯಾರೇಜಿನ ಕನ್ನಡ

ಈ ವಿದ್ಯೆಯ ನುಡಿಯನ್ನು ಗಮನಿಸಿದರೆ ನಾಮಪದಗಳು ಬಹುಪಾಲು ಇಂಗ್ಲಿಷಿನವು, ಕ್ರಿಯಾಪದಗಳು ಬಹುಪಾಲು ಕನ್ನಡದವು ಎಂಬುದು ಸ್ಪಷ್ಟವಾಗುತ್ತದೆ. ಹೆಡ್ ಇಳಿಸು, ಲೈನರ್ ಎಳೆ, ರಿಂಗ್ ಕೂರಿಸು, ಬೋರ್ ಹೊಡೆಸು, ಟೈಮಿಂಗ್ ಕೂಡಿಸು ಮುಂತಾದ ಪ್ರಯೋಗಗಳು ಸಾಮಾನ್ಯ. ರೋಗಲಕ್ಷಣವನ್ನು ಹೇಳುವಾಗ ಇಂಜಿನ್ ಜೀವಿಯಾಗುತ್ತದೆ: ಆಯಿಲ್ ಕುಡಿಯುತ್ತದೆ, ಹೊಗೆ ಉಗುಳುತ್ತದೆ, ಬಡಿಯುತ್ತದೆ, ಕೊನೆಗೆ ‘ಹಿಡಿದುಕೊಳ್ಳುತ್ತದೆ’. ನಟ್ಟು, ಬೋಲ್ಟು, ವಾಷರು, ಬೇರಿಂಗುಗಳು ಕನ್ನಡದ ಉಕಾರಾಂತವನ್ನು ಪಡೆದು ವಿಭಕ್ತಿಗಳನ್ನು ಸಲೀಸಾಗಿ ಹೊತ್ತುಕೊಂಡಿವೆ. ಸುತ್ತಿಗೆ, ಉಳಿ, ಅರ, ಇಕ್ಕಳಗಳು ಕಮ್ಮಾರನ ಕುಲುಮೆಯಿಂದಲೇ ಬಂದವು.

ಪಾರಿಭಾಷಿಕ ಪದರಚನೆ ಹಿಡಿದ ದಾರಿ ಬೇರೆ. ಅಂತರ್ದಹನ ಯಂತ್ರ, ಕೊಂತ, ಕವಾಟ ಮುಂತಾದ ಪದಗಳಿಗೆ ಪಠ್ಯಪುಸ್ತಕದಲ್ಲಿ ತಮ್ಮದೇ ಸ್ಥಾನವಿದೆ. ಹೃದಯದ ಕವಾಟವೆಂದರೆ ಇಂದು ಓದುಗರಿಗೆ ಅರ್ಥವಾಗುತ್ತದೆ. ಆದರೆ ‘ಕವಾಟವನ್ನು ಪೀಠಕ್ಕೆ ಉಜ್ಜಿರಿ’ ಎಂದರೆ ವಾಲ್ವ್ ಉಜ್ಜುತ್ತಲೇ ಬೆಳೆದವನಿಗೂ ತಾನು ದಿನವೂ ಮಾಡುವ ಕೆಲಸವೇ ಗುರುತು ಸಿಗದೆ ಹೋಗುತ್ತದೆ. ಕೈಪಿಡಿಯ ಕನ್ನಡ ಈಗಾಗಲೇ ಗ್ಯಾರೇಜಿನಲ್ಲಿ ಹುಟ್ಟಿದೆ. ಅದನ್ನು ಬರೆದುಕೊಳ್ಳುವ ಕೆಲಸ ಬಾಕಿಯಿದೆ.

9. 2020ರ ಅನಂತರ

ಭಾರತ್ ಸ್ಟೇಜ್ ನಾಲ್ಕರ ಹೊಗೆ ಮಾನಕವು 2017ರ ಏಪ್ರಿಲ್ 1ರಿಂದಲೂ, ಸ್ಟೇಜ್ ಆರರ ಮಾನಕವು 2020ರ ಏಪ್ರಿಲ್ 1ರಿಂದಲೂ ದೇಶದಾದ್ಯಂತ ಜಾರಿಗೆ ಬಂದವು. ಇದರಿಂದ ಇಂಜಿನ್ನಿನ ಸ್ವರೂಪ ಬದಲಾಯಿತು. ಹಳೆಯ ಪಂಪಿನ ಜಾಗದಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡದ ಕಾಮನ್ ರೈಲ್, ಇಂಧನವನ್ನು ಲೆಕ್ಕ ಹಾಕುವ ಕಂಪ್ಯೂಟರ್, ಹೊಗೆಗೊಳವೆಯಲ್ಲಿ ಯೂರಿಯ ದ್ರಾವಣ ಇವೆಲ್ಲ ಬಂದಿವೆ. ಹಳೆಯ ಇಂಜಿನ್ನಿನಲ್ಲಿ ಡೀಸೆಲ್ ಪೈಪಿನ ಸೋರಿಕೆಯನ್ನು ಬೆರಳಿಟ್ಟು ನೋಡುವ ಅಭ್ಯಾಸವಿತ್ತು. ಅದು ಆಗಲೂ ಅಪಾಯಕರವೇ. ಕಾಮನ್ ರೈಲಿನಲ್ಲಿ ಕಣ್ಣಿಗೆ ಕಾಣದ ಡೀಸೆಲ್ ಧಾರೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹಲವು ಹೊಸ ಇಂಜಿನ್ನುಗಳಲ್ಲಿ ಬೋಲ್ಟನ್ನು ಒಂದು ಟಾರ್ಕಿಗೆ ಬಿಗಿದು ಆಮೇಲೆ ಇಷ್ಟು ಡಿಗ್ರಿ ತಿರುಗಿಸಬೇಕೆಂಬ ಸೂಚನೆಯಿರುತ್ತದೆ. ಅಂತಹ ಬೋಲ್ಟನ್ನು ಮತ್ತೆ ಬಳಸಬಹುದೇ ಎಂಬುದನ್ನು ಕೈಪಿಡಿ ನೋಡದೆ ನಿರ್ಧರಿಸುವಂತಿಲ್ಲ. ದೋಷವನ್ನು ಓದಲು ಸ್ಕ್ಯಾನರ್ ಬೇಕು. ಸಾಧನವೇ ಪುಸ್ತಕವೂ ಆಗಿರುವ ಈ ಹಂತದಲ್ಲಿ ಬಾಯಿಪಾಠದ ವ್ಯಾಪ್ತಿ ಇನ್ನಷ್ಟು ಕಿರಿದಾಗಿದೆ.

10. ಕನ್ನಡ ಕೈಪಿಡಿಯ ಸ್ವರೂಪ

ಮೇಲಿನ ಚರ್ಚೆಯ ಆಧಾರದಿಂದ ಗ್ಯಾರೇಜಿಗೆ ಒದಗಬಲ್ಲ ಕನ್ನಡ ಕೈಪಿಡಿಯ ಕೆಲವು ಲಕ್ಷಣಗಳನ್ನು ಸೂಚಿಸಬಹುದು.

ಅ) ಅದು ಒಂದು ಇಂಜಿನ್ ಮಾದರಿಗೆ ಸೀಮಿತವಾಗಿರಬೇಕು. ಎಲ್ಲ ಡೀಸೆಲ್ ಇಂಜಿನ್ನುಗಳಿಗೂ ಒಂದೇ ಪುಸ್ತಕವೆಂದರೆ ಅಂಕಿಗಳಿಲ್ಲದ ಪುಸ್ತಕವಾಗುತ್ತದೆ.

ಆ) ಅಂಕಿಗಳನ್ನು ತಯಾರಕರ ಮೂಲ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಯಾವ ವರ್ಷದ ಯಾವ ಆವೃತ್ತಿ ಎಂಬುದನ್ನು ಪ್ರತಿ ಪುಟದಲ್ಲೂ ನಮೂದಿಸಬೇಕು.

ಇ) ಪ್ರತಿ ಅಂಕಿಯನ್ನೂ ಮಿಲಿಮೀಟರ್ ಮತ್ತು ಥೌ, ನ್ಯೂಟನ್–ಮೀಟರ್ ಮತ್ತು ಕಿಲೋಗ್ರಾಂ–ಮೀಟರ್ ಎರಡರಲ್ಲೂ ಕೊಡಬೇಕು. ಮಾನವಿಲ್ಲದ ಅಂಕಿ ಒಂದೂ ಇರಬಾರದು.

ಈ) ಭಾಗಗಳ ಹೆಸರು ಗ್ಯಾರೇಜಿನ ಮಾತಿನಲ್ಲಿರಬೇಕು. ಪಾರಿಭಾಷಿಕ ಪದ ಬೇಕಾದರೆ ಕೊನೆಯ ಪದಪಟ್ಟಿಯಲ್ಲಿ ಬರಲಿ.

ಉ) ಪ್ರತಿ ವಾಕ್ಯದಲ್ಲಿ ಒಂದೇ ಕೆಲಸ ಇರಬೇಕು, ಎಚ್ಚರಿಕೆಯ ಮಾತು ಕೆಲಸಕ್ಕೆ ಮೊದಲು ಬರಬೇಕು. ‘ಬೋಲ್ಟ್ ಬಿಚ್ಚಿ’ ಎಂದ ಮೇಲೆ ‘ಅದಕ್ಕೂ ಮೊದಲು ನಂಬರ್ ಹೊಡೆಯಿರಿ’ ಎಂದರೆ ಪ್ರಯೋಜನವಿಲ್ಲ.

ಊ) ಅಳತೆ ಬರೆದುಕೊಳ್ಳಲು ಖಾಲಿ ಮನೆಗಳಿರುವ ಪಟ್ಟಿ ಇರಬೇಕು. ಆರು ಸಿಲಿಂಡರಿಗೆ ಮೂರು ಎತ್ತರ, ಎರಡು ದಿಕ್ಕು ಎಂದರೆ ಮೂವತ್ತಾರು ಮನೆ. ತುಂಬಿದ ಪಟ್ಟಿಯ ಒಂದು ಪ್ರತಿ ಯಂತ್ರಾಗಾರಕ್ಕೆ, ಒಂದು ಲಾರಿಯ ಮಾಲೀಕನಿಗೆ ಹೋಗಬೇಕು.

ಕೊನೆಯ ಅಂಶ ಸಣ್ಣದೆನಿಸಿದರೂ ಅದರ ಪರಿಣಾಮ ದೊಡ್ಡದು. ಜೋಡಿಸಿದ ಇಂಜಿನ್ ಮೂರು ತಿಂಗಳಲ್ಲಿ ಹಿಡಿದುಕೊಂಡರೆ ಬೋರ್ ಮಾಡಿದವನು ಜೋಡಿಸಿದವನನ್ನೂ, ಜೋಡಿಸಿದವನು ಚಾಲಕನನ್ನೂ, ಎಲ್ಲರೂ ಬಿಡಿಭಾಗವನ್ನೂ ದೂರುತ್ತಾರೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಬರೆದಿಟ್ಟ ಅಳತೆಯಿದ್ದರೆ ಮಾತಿಗೆ ಆಧಾರವಿರುತ್ತದೆ. ಮೆಕ್ಯಾನಿಕ್‌ನ ಹೆಸರಿಗೂ ಅದೇ ರಕ್ಷಣೆ.

11. ಸಮಾರೋಪ

ಒಟ್ಟಾರೆಯಾಗಿ ಲಾರಿ ಇಂಜಿನ್ನಿನ ಮರುಜೋಡಣೆ ಹದ, ಅಳತೆ, ಅಂಕಿ ಎಂಬ ಮೂರರ ಮೇಲೆ ನಿಂತಿದೆ. ಹದ ಕೈಯಲ್ಲಿದೆ, ಅಳತೆ ಸಾಧನದಲ್ಲಿದೆ, ಅಂಕಿ ಕೈಪಿಡಿಯಲ್ಲಿದೆ. ಮೊದಲ ಎರಡು ಈ ಪ್ರದೇಶದಲ್ಲಿ ತಲೆಮಾರುಗಳಿಂದ ಬೆಳೆದು ಬಂದಿವೆ. ಮೂರನೆಯದನ್ನು ಒದಗಿಸಲು ಇಂಜಿನಿಯರ್, ಮೇಸ್ತ್ರಿ ಮತ್ತು ಭಾಷೆಯನ್ನು ಬಲ್ಲವನು ಒಟ್ಟಿಗೆ ಕೂರಬೇಕಾಗುತ್ತದೆ. ಕನ್ನಡ ಅಧ್ಯಯನ ವಿಭಾಗಗಳು ಹಳೆಯ ಶಾಸ್ತ್ರಗ್ರಂಥಗಳನ್ನು ಸಂಪಾದಿಸುವುದರ ಜೊತೆಗೆ ಇಂತಹ ವೃತ್ತಿನುಡಿಯನ್ನು ಸಂಗ್ರಹಿಸಿದಲ್ಲಿ ಕೈಪಿಡಿ ಬರೆಯುವವನಿಗೆ ಪದಗಳು ಸಿದ್ಧವಾಗಿ ದೊರೆಯುತ್ತವೆ. ಈ ಸಂಗ್ರಹವನ್ನು ತಡಮಾಡದೆ ಕೈಗೊಳ್ಳಬೇಕಾಗಿದೆ. ಹಳೆಯ ಪಂಪಿನ ಇಂಜಿನ್ನುಗಳೊಡನೆ ಅವುಗಳ ನುಡಿಯನ್ನು ಬಲ್ಲ ಮೇಸ್ತ್ರಿಗಳೂ ಕೆಲಸದಿಂದ ಹಿಂದೆ ಸರಿಯುವ ಕಾಲ ಇದಾಗಿದೆ.